ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಿಕೊಳ್ಳಬಹುದಾ?

ನೀವು ಒಬಿಜಿ (ಹೆರಿಗೆ ಮತ್ತು ಸ್ತ್ರೀರೋಗ) ವಿಭಾಗದಲ್ಲಿ ಪಿಜಿ, ಅಂದರೆ ಸ್ನಾತಕೋತ್ತರ ಓದುತ್ತಿರುವ ಡಾಕ್ಟರು, ಈಗ ಏಳು ತಿಂಗಳು, ನಿಮ್ಮ ಆಸ್ಪತ್ರೆಯಲ್ಲೇ ಹೆರಿಗೆಯಾದರೆ ಮುಜುಗರ ಆಗುತ್ತದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಮಾಡಿಸಿಕೊಳ್ಳಿ. ಆದರೆ ಒಂದು ಮಾತು ಈಗಲೇ ಆಡಿಟ್ಟುಕೊಳ್ಳಿ.

ನಾನೀಗ ಕೊಡಗಿನಲ್ಲಿ ಇದೇ ವಿಷಯ ಪಾಠ ಮಾಡುತ್ತೇನೆ. ನನ್ನ ಮಗಳು ಹುಟ್ಟಿದ್ದು ನಾನು ಪಿಜಿ ಇದ್ದಾಗ, ಬೇರೆ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಅಂತ ಎಷ್ಟು ಜನ ಒಳಪರೀಕ್ಷೆ ಮಾಡಿದರೋ ಲೆಕ್ಕ ಇಡಲಾಗಲಿಲ್ಲ. ಒಬ್ಬರು "ಆರು ಸೆಂಟಿಮೀಟರ್" ಅಂದರು. ಹಿಂದೆಯೇ ಬಂದವರು ಮತ್ತೆ ಗ್ಲೌಸ್ ಹಾಕಿಕೊಂಡರು. ಎಲ್ಲರೂ ಕೇಸ್ ಶೀಟ್ ನೋಡಿದರು, ನನ್ನ ಮುಖ ಯಾರೂ ನೋಡಲಿಲ್ಲ. ಎಲ್ಲ ಪರಿಚಯದವರೇ. ಆದರೂ "ಈಗ ಬೇಡ" ಅನ್ನಲು ನನಗೆ ಬಾಯಿ ಬರಲಿಲ್ಲ. ಇನ್ನು ಕಾಫಿ ತೋಟದ ಕೂಲಿಯವರ ಲೈನ್ ಮನೆಯಿಂದ ಬರುವ ಹುಡುಗಿ ಹೇಗೆ ಅಂದಾಳು, ಅಲ್ವಾ?

ಪರೀಕ್ಷೆ ಬೇಕು, ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಪ್ರಕಾರ, ತೊಂದರೆ ಏನೂ ಇಲ್ಲದಿದ್ದರೆ, ಗರ್ಭಕೋಶದ ಬಾಯಿ ಐದು ಸೆಂಟಿಮೀಟರ್ ತೆರೆದ ಮೇಲೆ ನಾಲ್ಕು ಗಂಟೆಗೊಮ್ಮೆ ಸಾಕು. ಪದೇ ಪದೇ ಮಾಡಿದರೆ ಸೋಂಕಿನ ಭಯವೂ ಜಾಸ್ತಿ. ಕಲಿಯುವವರು ಹೆಚ್ಚಿದ್ದಾರೆ ಅಂತ ಈ ಲೆಕ್ಕ ಬದಲಾಗಬಾರದು.

ಕಳೆದ ಕಾಫಿ ಕೊಯ್ಲಿನ ಸಮಯ. ಚೊಚ್ಚಲ ಹೆರಿಗೆಗೆ ಬಂದಿದ್ದ ಒಬ್ಬಳ ಬೆರಳ ತುದಿಯಲ್ಲಿ ಇನ್ನೂ ಕಾಫಿ ಹಣ್ಣಿನ ಕಲೆ ಇತ್ತು. ನನ್ನ ಇಂಟರ್ನ್ ತನ್ನ ಹೆಸರು ಹೇಳಿ, "ನೋಡಲಾ ಅಕ್ಕ?" ಅಂತ ಕೇಳಿದಳು. ಹೆರಿಗೆಗೆ ಬಂದವಳು ಬೇಡ ಅಂತ ತಲೆ ಅಲ್ಲಾಡಿಸಿ ಅತ್ತಿಗೆಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಇಂಟರ್ನ್ ನನ್ನ ಕಡೆ ನೋಡಿದಳು. ಕಾಯೋಣ ಅಂದೆ. ನೋವು ಇಳಿಯಿತು, ಬೆವರು ಒರೆಸಿಕೊಂಡಳು, ಆಮೇಲೆ ಅವಳೇ "ಈಗ ನೋಡಿ" ಅಂದಳು. ಹೋಗಿದ್ದು ಎರಡೇ ನಿಮಿಷ. ಇದನ್ನು ನಾನು ಪಿಜಿಯಲ್ಲಿ ಯಾರಿಂದಲೂ ಕಲಿತಿರಲಿಲ್ಲ.

ಅತ್ತಿಗೆ ಒಳಗೆ ಇದ್ದದ್ದೂ ಮುಖ್ಯ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಹೊತ್ತಿಗೆ ಜೊತೆಗೊಬ್ಬ ಹೆಂಗಸು ಇರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಡಾಕ್ಟರಾದರೂ ನಿಮಗೂ ಒಬ್ಬರು ಬೇಕು. ಅಮ್ಮನೋ ಅಕ್ಕನೋ, ಈಗಲೇ ಹೇಳಿಡಿ.

ಆ ಒಂದು ಮಾತು ಇದೇ: ನಿಮ್ಮ ಯೂನಿಟ್ ಚೀಫ್ ಹತ್ತಿರ ಹೋಗಿ, ನನ್ನನ್ನು ಇಂಥ ಇಬ್ಬರು ಮಾತ್ರ ಪರೀಕ್ಷೆ ಮಾಡಲಿ ಅಂತ ಹೆಸರು ಹೇಳಿ ಬನ್ನಿ. ಕೇಸ್ ಶೀಟಿನ ಮೊದಲ ಪುಟದಲ್ಲೇ ಬರೆಸಿ. ನೋವು ಶುರುವಾದ ಮೇಲೆ ಹೇಳಲು ಆಗುವುದಿಲ್ಲ.