ಕೋರ್ಸ್ ಸೇರಿದ ಮೇಲೆ ಹಾಡೇ ಹುಟ್ಟುತ್ತಿಲ್ಲ ಅನ್ನುವವರಿಗೆ

ಕಾಲೇಜಿನಲ್ಲಿ ಸಂಗೀತ, ಗೀತರಚನೆ ಓದುತ್ತಿರುವ ಮಕ್ಕಳಿಂದ ಅವವೇ ನಾಲ್ಕೈದು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿದೆ. ಈ ಸಲ ಎಲ್ಲರಿಗೂ ಒಟ್ಟಿಗೇ ಹೇಳಿಬಿಡುತ್ತೇನೆ.

ಪ್ರಶ್ನೆ: ಕಾಲೇಜು ಸೇರುವ ಮೊದಲು ವಾರಕ್ಕೊಂದು ಹಾಡು ಬರೆಯುತ್ತಿದ್ದೆ. ಈಗ ಮೂರನೇ ಸೆಮಿಸ್ಟರ್. ಎರಡು ಸಾಲು ಬರೆಯುವಷ್ಟರಲ್ಲಿ ಅಳಿಸಿಬಿಡುತ್ತೇನೆ. ಥಿಯರಿ ಕಲಿತರೆ ಸ್ವಂತಿಕೆ ಹೋಗುತ್ತೆ ಅಂತ ಸೀನಿಯರ್ ಒಬ್ಬರು ಹೇಳಿದ್ದರು. ನಿಜವೇ ಮೇಡಂ? ಕೋರ್ಸ್ ಬಿಟ್ಟುಬಿಡಲೇ?

ಬಿಡಬೇಡಿ. ಆ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಹೆಸರು ಗೊತ್ತಾದ ಮಾತ್ರಕ್ಕೆ ಯಾರ ಹಾಡೂ ಸತ್ತಿಲ್ಲ. ವ್ಯಾಕರಣ ಓದಿದವರು ಮಾತಾಡೋದು ನಿಲ್ಲಿಸಿದ್ದಾರಾ?

ನಿಮಗೆ ಆಗಿರುವುದು ಬೇರೆ. ಎರಡು ಸೆಮಿಸ್ಟರ್‌ನಲ್ಲಿ ನಿಮ್ಮ ಕಿವಿ ಬೆಳೆದಿದೆ, ಕೈ ಇನ್ನೂ ಅಷ್ಟು ಬೆಳೆದಿಲ್ಲ. ಮೊದಲು ಕೇಳಿಸದ ತಪ್ಪುಗಳು ಈಗ ಕೇಳಿಸುತ್ತವೆ. ತಿದ್ದುವುದು ಹೇಗೆ ಅಂತ ಗೊತ್ತಿಲ್ಲ, ಅದಕ್ಕೇ ಅಳಿಸುತ್ತೀರಿ.

ನನ್ನ ವಿದ್ಯಾರ್ಥಿನಿಯೊಬ್ಬಳ ಹಾಡು 'ಕಡು ಕತ್ತಲೆ' ಎಂದು ಶುರುವಾಗುತ್ತಿತ್ತು. ಟ್ಯೂನಿನ ಮೊದಲ ಸ್ವರ ಎರಡು ಬೀಟ್ ಉದ್ದ. 'ಕ' ಎಳೆದೂ ಎಳೆದೂ 'ಕಾಡು ಕತ್ತಲೆ' ಆಯಿತು. ಕ್ಲಾಸಿನವರೆಲ್ಲ ಕಾಡಿನ ಹಾಡು ಅಂದುಕೊಂಡರು. ಅವಳು ಬರೆದದ್ದು ಆಸ್ಪತ್ರೆಯಲ್ಲಿ ಅಮ್ಮನ ಪಕ್ಕ ಕೂತು ಕಳೆದ ರಾತ್ರಿಯನ್ನು. ಅವಮಾನವಾಗಿ ಇಡೀ ಹಾಡನ್ನೇ ಹರಿದುಹಾಕಲು ಹೊರಟಿದ್ದಳು. ತಿದ್ದಬೇಕಾಗಿದ್ದದ್ದು ಇಷ್ಟೇ: 'ಕಡು' ಅನ್ನುವುದನ್ನು ಎರಡು ಚಿಕ್ಕ ಸ್ವರಗಳಲ್ಲಿ ಬೀಟ್‌ಗೆ ಮುಂಚೆಯೇ ಹಾಡಿ ಮುಗಿಸಬೇಕು, ಉದ್ದದ ಸ್ವರವನ್ನು 'ಕತ್ತಲೆ'ಯ ಮೊದಲ ಅಕ್ಷರಕ್ಕೆ ಕೊಡಬೇಕು. ಲಘುವಿಗೆ ಚಿಕ್ಕ ಸ್ವರ, ಗುರುವಿಗೆ ಉದ್ದ ಸ್ವರ. ಶಾಲೆಯಲ್ಲಿ ಛಂದಸ್ಸು ಓದಿದ್ದೀರಿ, ಅಲ್ವಾ? ಐದು ನಿಮಿಷದ ಕೆಲಸ. ಅಮ್ಮನ ಹಾಡು ಉಳಿಯಿತು.

ಕೋರಸ್ (ಮತ್ತೆ ಮತ್ತೆ ಬರುವ ಪಲ್ಲವಿ) ಮೇಲೇಳುತ್ತಲೇ ಇಲ್ಲ ಅಂತ ಅಳಿಸುವವರೂ ಇದ್ದಾರೆ. ಪದ ಮುಟ್ಟಬೇಡಿ. ವರ್ಸ್‌ನ (ಚರಣದ) ಅತಿ ಎತ್ತರದ ಸ್ವರ ಯಾವುದು, ಕೋರಸ್‌ನದು ಯಾವುದು, ಬರೆದು ನೋಡಿ. ಎರಡೂ ಒಂದೇ ಆಗಿದ್ದರೆ ವರ್ಸ್‌ನ ಟ್ಯೂನನ್ನು ಮೂರ್ನಾಲ್ಕು ಸ್ವರ ಕೆಳಗಿಳಿಸಿ.

ಇನ್ನು ಬರೆಯುವ ದಿನ ಬೇರೆ, ತಿದ್ದುವ ದಿನ ಬೇರೆ ಮಾಡಿಕೊಳ್ಳಿ. ಬರೆಯುವ ದಿನ ಪದ ಸಿಗದ ಕಡೆ 'ಲಾ ಲಾ' ಅಂತಲೇ ಹಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಹೇಗಾದರೂ ಕೊನೆ ಮುಟ್ಟಿ. ಮೂರು ದಿನ ಅದನ್ನು ಕೇಳಲೇಬೇಡಿ.

ಅರ್ಧ ಹಾಡನ್ನಂತೂ ಕ್ಲಾಸಿಗೆ ಒಯ್ಯಬೇಡಿ. ಈ ವಿಷಯದಲ್ಲಿ ನನಗೆ ಭಯ ಜಾಸ್ತಿ, ಒಪ್ಪಿಕೊಳ್ಳುತ್ತೇನೆ. ನಾನು ಓದುವಾಗ ಹಾಗೆ ಅರ್ಧ ಬರೆದದ್ದನ್ನು ಹಾಡಿದ್ದೆ. ನಾಲ್ಕನೇ ಸಾಲಿಗೇ ಮೇಷ್ಟ್ರು ಕೈ ಎತ್ತಿ ನಿಲ್ಲಿಸಿ, 'ಇದು ಹಾಡೇ ಅಲ್ಲ' ಅಂದರು. ಎಂಟು ತಿಂಗಳು ಏನೂ ಬರೆಯಲಾಗಲಿಲ್ಲ. ಆ ಹಾಡು ಇವತ್ತಿಗೂ ನಾಲ್ಕೇ ಸಾಲು.

ಪೂರ್ತಿ ಹಾಡು ಒಯ್ದಾಗಲೂ 'ಹೇಗಿದೆ?' ಅಂತ ಕೇಳಬೇಡಿ. ಬಾಯಿಗೆ ಬಂದದ್ದು ಹೇಳುತ್ತಾರೆ. 'ಎರಡನೇ ವರ್ಸ್‌ನಲ್ಲಿ ಯಾರು ಯಾರಿಗೆ ಹೇಳ್ತಿದ್ದಾರೆ ಅಂತ ಗೊತ್ತಾಗುತ್ತಾ?' ಅಂತ ಕೇಳಿ. ಆಗ ಸಿಗುವ ಉತ್ತರ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ನೊಟೇಶನ್ (ಸ್ವರಲಿಪಿ) ಓದಲು ಬರುವುದಿಲ್ಲ. ಕೋರ್ಸ್ ಸೇರಬಹುದೇ?

ಸೇರಿ. ಕಲಿಯೋದಕ್ಕೇ ತಾನೇ ಹೋಗುವುದು?

ಪ್ರಶ್ನೆ: 21 ದಿನದಲ್ಲಿ ಪರ್ಫೆಕ್ಟ್ ಪಿಚ್ (ಯಾವ ಸ್ವರವನ್ನಾದರೂ ಕೇಳಿದ ಕೂಡಲೇ ಹೆಸರಿಸುವ ಶಕ್ತಿ) ಬರಿಸುತ್ತೇವೆ ಅನ್ನುವ ಆ್ಯಪ್ ಕೊಳ್ಳಲೇ?

ಒಂದು ಪೈಸೆಯನ್ನೂ ಕೊಡಬೇಡಿ. ದೊಡ್ಡವರಾದ ಮೇಲೆ ಅದು ಬರುವುದು ಬಹಳ ಅಪರೂಪ, ಹಾಡು ಬರೆಯಲು ಬೇಕಾಗಿಯೂ ಇಲ್ಲ. ಒಂದು ಸ್ವರದಿಂದ ಇನ್ನೊಂದು ಎಷ್ಟು ದೂರ ಅಂತ ಗುರುತಿಸಲು ಬಂದರೆ ಸಾಕು. ಇಯರ್ ಟ್ರೈನಿಂಗ್ ಕ್ಲಾಸಿನಲ್ಲಿ ಕಲಿಸುವುದು ಅದನ್ನೇ. ಆ ಕ್ಲಾಸ್ ತಪ್ಪಿಸಬೇಡಿ.

ಪ್ರಶ್ನೆ: 'ಎ' ಸ್ವರವನ್ನು ಸಾಮಾನ್ಯವಾಗಿ ಇಡುವ 440 ಬಿಟ್ಟು 432 ಹರ್ಟ್ಸ್‌ಗೆ (ಸೆಕೆಂಡಿಗೆ 432 ಕಂಪನ) ಶ್ರುತಿ ಮಾಡಿದರೆ ಹಾಡು ಮನಸ್ಸಿಗೆ ಹೆಚ್ಚು ತಟ್ಟುತ್ತಂತೆ?

ಸುಮ್ನೆ ಹಬ್ಬಿಸಿದ ಮಾತು. ಎಲ್ಲ ಸ್ವರಗಳೂ ಅರೆಸ್ವರದ (ಕೀಬೋರ್ಡಿನಲ್ಲಿ ಪಕ್ಕಪಕ್ಕದ ಎರಡು ಕೀಗಳ ಅಂತರದ) ಮೂರನೇ ಒಂದು ಭಾಗಕ್ಕಿಂತ ಕೊಂಚ ಕಡಿಮೆ ಕೆಳಗಿಳಿಯುತ್ತವೆ, ಅಷ್ಟೇ. ಜೊತೆಗೆ ನುಡಿಸುವವರ ಶ್ರುತಿಗೆ ನೀವೂ ಸೇರಿ.

ಪ್ರಶ್ನೆ: ಕ್ಲಾಸಿನಲ್ಲಿ ಹಾಡಿದರೆ ಯಾರಾದರೂ ಕದಿಯುತ್ತಾರೆ ಅಂತ ಭಯ. ಹಾಡನ್ನು ಲಕೋಟೆಯಲ್ಲಿಟ್ಟು ನನಗೇ ಪೋಸ್ಟ್ ಮಾಡಿಕೊಂಡರೆ ರಕ್ಷಣೆ ಸಿಗುತ್ತಾ?

ಲಕೋಟೆಯಿಂದ ಹಕ್ಕು ಹುಟ್ಟುವುದಿಲ್ಲ. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ, ಹಾಡನ್ನು ಬರೆದಿಟ್ಟರೆ ಅಥವಾ ರೆಕಾರ್ಡ್ ಮಾಡಿದರೆ ಕೃತಿಸ್ವಾಮ್ಯ ತಾನಾಗಿಯೇ ನಿಮ್ಮದು. ಡ್ರಾಫ್ಟ್, ರೆಕಾರ್ಡಿಂಗ್ ಎಲ್ಲವನ್ನೂ ದಿನಾಂಕದ ಸಮೇತ ಇಟ್ಟುಕೊಳ್ಳಿ. ನಾನು ಕಂಡ ಜಗಳಗಳಲ್ಲಿ ಕಳ್ಳತನ ಕಡಿಮೆ. ಜೊತೆಗೆ ಕೂತು ಬರೆದ ಇಬ್ಬರು ಗೆಳೆಯರು ಪಾಲಿಗಾಗಿ ಮಾತು ಬಿಟ್ಟದ್ದೇ ಜಾಸ್ತಿ. ಇಬ್ಬರು ಸೇರಿ ಬರೆದರೆ ಯಾರ ಪಾಲು ಎಷ್ಟು ಅಂತ ಅವತ್ತೇ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.