ವಿಎಫ್‌ಡಿ ಜೋಡಿಸಿದ ಮೇಲೆ ಮೋಟಾರು ಕಡಿಮೆ ವೇಗದಲ್ಲಿ ಅದುರುವುದೇಕೆ?

415 ವೋಲ್ಟಿನ ಮೋಟಾರು ಹೊಸ ವಿಎಫ್‌ಡಿಯಲ್ಲಿ (ವಿದ್ಯುತ್ತಿನ ಆವರ್ತನ ಬದಲಿಸಿ ಮೋಟಾರಿನ ವೇಗವನ್ನು ನಿಯಂತ್ರಿಸುವ ಡ್ರೈವ್) ಕಡಿಮೆ ವೇಗಕ್ಕೆ ಬಂದಾಗ ಅದುರುತ್ತದೆ ಎಂದು ನೀವು ಕೇಳಿದ್ದೀರಿ. ಬಹಳಷ್ಟು ಸಲ ಇದಕ್ಕೆ ಕಾರಣ, ಮೋಟಾರಿನ ನಾಮಫಲಕದಲ್ಲಿರುವ ವೋಲ್ಟೇಜ್, ಕರೆಂಟ್, ಆವರ್ತನ, ಆರ್‌ಪಿಎಂ ಅಂಕಿಗಳನ್ನು ತುಂಬದೆ ಡ್ರೈವನ್ನು ಕಾರ್ಖಾನೆಯ ಮೂಲ ಮೌಲ್ಯಗಳಲ್ಲೇ ಓಡಿಸಿರುವುದು. ಅವುಗಳನ್ನು ಮೋಟಾರಿನ ಸುರುಳಿಗಳ ಸ್ಟಾರ್ ಅಥವಾ ಡೆಲ್ಟಾ ಜೋಡಣೆಗೆ ಹೊಂದುವಂತೆ ನಮೂದಿಸಿ, ಮೋಟಾರು ತಣ್ಣಗಿರುವಾಗ ಆಟೋಟ್ಯೂನ್ (ಡ್ರೈವು ಮೋಟಾರಿಗೆ ತಾನೇ ಹೊಂದಿಕೊಳ್ಳುವ ಕ್ರಿಯೆ) ನಡೆಸಿದರೆ, ಡ್ರೈವು ಸ್ಟೇಟರಿನ (ಮೋಟಾರಿನ ತಿರುಗದ ಭಾಗದ) ರೋಧವನ್ನು ತಾನೇ ಅಳೆದುಕೊಂಡು ಟಾರ್ಕನ್ನು (ತಿರುಗಿಸುವ ಬಲವನ್ನು) ಸರಿಯಾಗಿ ನಿಯಂತ್ರಿಸುತ್ತದೆ. ಮೋಟಾರನ್ನು ತಿರುಗಿಸಿ ಮಾಡುವ ಆಟೋಟ್ಯೂನಿಗೆ ಮಾತ್ರ ಲೋಡನ್ನು ಬಿಚ್ಚಿಡುವುದು ಒಳ್ಳೆಯದು.

ವೈರಿಂಗನ್ನೂ ಒಮ್ಮೆ ನೋಡಿ. ಸರಬರಾಜು ಡ್ರೈವಿನ ಆರ್, ಎಸ್, ಟಿ ಟರ್ಮಿನಲ್ಲುಗಳಿಗೂ ಮೋಟಾರು ಯು, ವಿ, ಡಬ್ಲ್ಯೂ ಟರ್ಮಿನಲ್ಲುಗಳಿಗೂ ಸೇರಬೇಕು. ಅದಲುಬದಲಾದರೆ (ಅವಸರದಲ್ಲಿ ಅನುಭವಿಗಳೂ ಹೀಗೆ ಮಾಡುವುದುಂಟು) ಡ್ರೈವು ಸುಟ್ಟುಹೋಗಬಹುದು. ವಿದ್ಯುತ್ ಕಡಿದ ಮೇಲೂ ಡ್ರೈವಿನೊಳಗಿನ ಕೆಪಾಸಿಟರುಗಳಲ್ಲಿ ಸುಮಾರು 587 ವೋಲ್ಟ್ ಡಿಸಿ ಉಳಿದಿರುವುದರಿಂದ, ಕೈಪಿಡಿ ಹೇಳುವಷ್ಟು ನಿಮಿಷ ಕಾದು, ಮೀಟರಿನಿಂದ ಅಳೆದ ನಂತರವೇ ಟರ್ಮಿನಲ್ಲಿಗೆ ಕೈಹಾಕಿ.