ದುಂಡು ತಳದ ಲೆಕ್ಕ

ಹಳ್ಳಿಯ ವಾತಾವರಣ ಕುಂಬಾರನ ಕೆಲಸದಲ್ಲಿ ನಿಜವಾಗಿ ಕಾಣುತ್ತಾ, ಇಲ್ಲ ಅದು ಮಾರೋದಕ್ಕೆ ಹೇಳುವ ಮಾತಾ ಎಂದು ಕೇಳಿದ್ದೀರಿ. ಕಾಣುತ್ತದೆ. ಆದರೆ ಹಸಿರು ಹೊಲ, ಹಕ್ಕಿ ಕೂಗಿನಿಂದ ಸ್ಫೂರ್ತಿ ಬರುತ್ತದೆ ಅನ್ನೋದೆಲ್ಲ ಸುಮ್ನೆ ಮಾತು.

ನಮ್ಮದು ಬೆಳಗಾವಿ ಜಿಲ್ಲೆಯ ಖಾನಾಪುರ ಕಡೆಯ ಕುಂಬಾರ ಮನೆ. ಮಲಪ್ರಭೆ ಬಯಲಿನ ಒಳ್ಳೇ ಮಣ್ಣಿನಿಂದಲೇ ಇಲ್ಲಿ ಮಡಕೆ, ಹೆಂಚಿನ ಕೆಲಸ ಬೆಳೆದದ್ದು. ಮಳೆ ಹಿಡಿಯಿತೆಂದರೆ ಮಡಕೆ ಒಣಗುವುದಿಲ್ಲ, ಮಡಕೆ ಸುಡುವ ಆವಿಗೆ ಹೊತ್ತಿಸುವಂತಿಲ್ಲ. ಹಾಗಾಗಿ ದುಡಿಮೆ ಜಾಸ್ತಿ ಬೇಸಿಗೆಯಲ್ಲೇ.

ಒಂದು ಸಲ ಪೇಟೆಯವರೊಬ್ಬರು ಗ್ಯಾಸ್ ಒಲೆಗೆ ಕೂರುವಂಥ ಚಪ್ಪಟೆ ತಳದ ಗಡಿಗೆ 40 ಬೇಕೆಂದರು. ಅಪ್ಪ ಬೇಡ ಎಂದರೂ ನಾನು ಒಪ್ಪಿಕೊಂಡೆ. ತಿಗುರಿಯ (ಕುಂಬಾರನ ಚಕ್ರದ) ಮೇಲೆ ಚೆನ್ನಾಗೇ ಬಂದವು. ಒಣಗುವಾಗ 11 ಗಡಿಗೆಯ ತಳ ಬಿರಿಯಿತು. ಆಮೇಲೆ ತಿಳಿಯಿತು. ನಮ್ಮ ಮಡಕೆ ತಿಗುರಿಯ ಮೇಲೆ ಪೂರ್ತಿ ಆಗುವುದೇ ಇಲ್ಲ. ಬಾಯಿ, ಕುತ್ತಿಗೆ ಅಷ್ಟೇ ಅಲ್ಲಿ. ಸ್ವಲ್ಪ ಆರಿದ ಮೇಲೆ ಒಳಗೆ ದುಂಡು ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ತಳ ಇಳಿಸುತ್ತೇವೆ. ಹಾಗೆ ತಟ್ಟಿದಾಗ ಮಣ್ಣು ಗಟ್ಟಿಯಾಗುತ್ತದೆ. ನಾನು ಚಪ್ಪಟೆ ಮಾಡುವ ಭರದಲ್ಲಿ ತಟ್ಟೋದನ್ನೇ ಬಿಟ್ಟಿದ್ದೆ! ಮೂರು ಕಲ್ಲಿನ ಒಲೆ, ಹೊರುವಾಗ ತಲೆ ಮೇಲಿಡುವ ಸಿಂಬಿ, ಎರಡಕ್ಕೂ ದುಂಡು ತಳವೇ ಸರಿ. ಈಗ ಚಪ್ಪಟೆ ತಳವನ್ನೂ ತಟ್ಟಿಯೇ ಮಾಡುತ್ತೇನೆ, ಬಿರಿಯುವುದು ಕಮ್ಮಿಯಾಗಿದೆ.

ಇನ್ನು ಸುಡುವುದು, ಬಣ್ಣ. ಕುಳ್ಳು, ಹುಲ್ಲಿನ ಬೆಂಕಿ 700-800 ಡಿಗ್ರಿ ದಾಟುವುದು ಕಷ್ಟ. ಅದಕ್ಕೇ ಮಡಕೆಯಲ್ಲಿ ಸಣ್ಣ ರಂಧ್ರ ಉಳಿದು, ನೀರು ಜಿನುಗಿ ಆರಿ ತಣ್ಣಗಾಗುವುದು. ಹೊಗೆ ತಾಗಿದಲ್ಲಿ ಕಪ್ಪು ಕಲೆ. ಪೇಟೆಯಲ್ಲಿ ಅದನ್ನು ತೋರಿಸಿ ರೇಟು ಇಳಿಸಿ ಅಂತಾರೆ. ಅದೇ ಕಲೆಯನ್ನು ಬೇಕೆಂದೇ ಬಳಿದು ಎರಡು ಪಟ್ಟು ಬೆಲೆಗೆ ಮಾರುವ ಅಂಗಡಿಯನ್ನೂ ನೋಡಿದ್ದೇನೆ.

ಮಣ್ಣೆತ್ತಿನ ಅಮಾವಾಸ್ಯೆಗೆ ಅಪ್ಪ ಈಗಲೂ ಎತ್ತು ಮಾಡಿ ಮನೆಮನೆಗೆ ಕೊಡುತ್ತಾರೆ. ಹಸಿಮಣ್ಣಿನದು, ಸುಡುವುದಿಲ್ಲ. ಕೊಂಬು ಹಿಂದಕ್ಕೆ ಬಾಗಿ ಉದ್ದ. ಬುಟ್ಟಿಯಲ್ಲಿ ಒಯ್ಯುವಾಗ ನಾಲ್ಕಾರು ಮುರಿದೇ ಮುರಿಯುತ್ತವೆ. ಗಿಡ್ಡ ಮಾಡಿದರೆ ಆಗಲ್ವಾ ಎಂದೆ.

"ಕಿಲಾರಿ ಎತ್ತಿಗೆ ಗಿಡ್ಡ ಕೊಂಬು ಎಲ್ಲೆರ ನೋಡಿಯೇನು?" ಎಂದರು.